ಹದಿನೇಳನೇ ಬೆಸುಗೆ

"ಮುನ್ನೂರ ಹತ್ತು," ಎಂದೆ. "ಇನ್ಮೇಲೆ ಅವಸರ ಬೇಡ ಮಾಮ. ಗಂಟೆಗೆ ನೂರೈವತ್ತು ಡಿಗ್ರಿ, ಅಷ್ಟೇ. ಜಾಸ್ತಿ ಏರಿಸಿದ್ರೆ ಕಬ್ಬಿಣ ಮುನಿಸಿಕೊಳ್ಳತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು."

ಪ್ಲಾಂಟಿನ ಬೆಸುಗೆಗಳನ್ನೆಲ್ಲ ಕಾಯಿಸುವ ಬಿಸಿಮಾಮ ನಗಲಿಲ್ಲ. ಹತ್ತು ನಿಮಿಷದ ಹಿಂದೆಯಾಗಿದ್ದರೆ ನಗುತ್ತಿದ್ದ.

ಬೆಳಿಗ್ಗೆ ಈ ಬಾಡಿಗೆ ಷೆಡ್ಡಿಗೆ ಬಂದಾಗಿನಿಂದ ಅವನ ಬಾಯಿಗೆ ಬಿಡುವಿರಲಿಲ್ಲ. ಮಂಡಿನೋವು, ಅಳಿಯನ ಸೋಮಾರಿತನ, ಈಗಿನ ಹುಡುಗರಿಗೆ ಹೀಟರ್ ಸುತ್ತಲು ಬಾರದು ಎಂಬ ಗೋಳು. ಮಾತಾಡುತ್ತಲೇ, ಪ್ಲಾಂಟಿನದೇ ಅಳತೆಯಲ್ಲಿ ನಾನು ಮಾಡಿಸಿಟ್ಟಿದ್ದ ಪೈಪು-ವಾಲ್ವಿನ ಎರಡು ಬೆಸುಗೆಗಳಿಗೂ ಪಿಂಗಾಣಿ ಮಣಿಗಳ ಹೀಟರ್ ಪಟ್ಟಿ ಸುತ್ತಿದ್ದ, ಮೇಲೆ ಗಾಜಿನ ಉಣ್ಣೆಯ ಕಂಬಳಿ ಹೊದಿಸಿದ್ದ, ಬಿಸಿ ಅಳೆಯುವ ತಂತಿಗಳನ್ನು ಒಂದೊಂದು ಬೆಸುಗೆಗೂ ಅಂಟಿಸಿ ಬಿಸಿಯ ಗೆರೆ ಬರೆಯುವ ರೆಕಾರ್ಡರಿಗೆ ಸಿಕ್ಕಿಸಿದ್ದ. ಮೂವತ್ತು ವರ್ಷ ಮಾಡಿದ ಕೈ, ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ಕಂಬಳಿಯ ಅಂಚಿನಲ್ಲಿ ನಾನು ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು ಅವನ ಕಣ್ಣಿಗೆ ಬಿದ್ದವು. ಒಂದು ಕಡೆ ಹದಿನೇಳು, ಇನ್ನೊಂದು ಕಡೆ ಹದಿನೆಂಟು.

ಈಗ ಅವನು ಟವೆಲು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದ.

"ಏನಮ್ಮಾ ಇದು? ಕೆಲಸ ಇದೆ ಅಂತ ಕರೆಸಿದ್ದಲ್ವಾ ನೀನು?"

"ಇದೂ ಕೆಲಸಾನೇ ಮಾಮ. ಹೋದ ವರ್ಷ ನೀವು ಬಾಕಿ ಉಳಿಸಿದ ಕೆಲಸ."

ಬಾಯಲ್ಲಿ ನೀವು ಎನ್ನುತ್ತಿದ್ದೆ. ಮನಸ್ಸಿನಲ್ಲಿ ಆ ಮರ್ಯಾದೆಯನ್ನು ಎಂದೋ ಕಿತ್ತುಕೊಂಡಿದ್ದೆ.

ಬಾಗಿಲ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಅತ್ತಿಗೆ ಕೂತಿದ್ದರು. ತೊಡೆಯ ಮೇಲೆ ಅಣ್ಣನ ಚರ್ಮದ ಕೈಗವಸು. "ನಾನು ಸುಮ್ನೆ ಕೂತಿರ್ತೀನಿ, ನನ್ನ ಕಡೆ ನೋಡ್ಬೇಡ, ನಿನ್ನ ಕೆಲಸ ನೀನು ಮಾಡು," ಎಂದು ದಾರಿಯಲ್ಲೇ ಹೇಳಿದ್ದರು. ಬಿಸಿಮಾಮ ಆಗಾಗ ಅವರ ಕಡೆ ನೋಡಿ ಥಟ್ಟನೆ ತಲೆ ತಿರುಗಿಸುತ್ತಿದ್ದ.

ಗ್ಯಾಸ್ ಪ್ಲಾಂಟಿನಲ್ಲಿ ಹದಿನೇಳನೇ ಬೆಸುಗೆ ಸೀಳಿದಾಗ ಅದರ ಕೆಳಗೆ ನಿಂತಿದ್ದವನು ನನ್ನ ಅಣ್ಣ. ಆ ಬೆಸುಗೆ ಹಾಕಿದವನೂ ಅವನೇ. ತನಿಖೆಯವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? 'ಬೆಸುಗೆಗಾರನ ಕಳಪೆ ಕೆಲಸ' ಎಂದು ಒಂದೇ ಸಾಲು ಬರೆದು ಕೈ ತೊಳೆದುಕೊಳ್ಳಲು ಹೊರಟರು. ಸತ್ತವನ ತಲೆ ಮೇಲೆ ಗೂಬೆ ಕೂರಿಸುವುದು ಸುಲಭ, ಅವನು ಎದ್ದು ಬಂದು ಕೊಡವಿಕೊಳ್ಳುವುದಿಲ್ಲ.

ನಾನು ಅದೇ ಪ್ಲಾಂಟಿನಲ್ಲಿ ಬೆಸುಗೆಗಳ ಗಡಸುತನ ಪರೀಕ್ಷೆ ಮಾಡುವವಳು. ಬೆಸುಗೆ ಹಾಕಿದ ಜಾಗ ಬೇಗ ತಣ್ಣಗಾದರೆ ಅಲ್ಲಿನ ಉಕ್ಕು ಗಡುಸಾಗಿಬಿಡುತ್ತದೆ. ಗಡುಸು ಅಂದರೆ ಗಟ್ಟಿ ಅಂತ ಹೊರಗಿನವರು ಹಿಗ್ಗುತ್ತಾರೆ. ನಮ್ಮ ಪೈಪುಗಳಲ್ಲಿ ಹರಿಯುವುದು ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಗ್ಯಾಸು. ಅದು ಗಡುಸು ಉಕ್ಕಿನ ಒಳಗೆ ನುಸುಳಿ, ಒಂದು ದಿನ ಹೇಳದೆ ಕೇಳದೆ ಸೀಳಿಬಿಡುತ್ತದೆ. ಅದಕ್ಕೇ ಪ್ರತಿ ಬೆಸುಗೆಯನ್ನೂ ಮೆಲ್ಲಗೆ ಆರುನೂರ ಇಪ್ಪತ್ತು ಡಿಗ್ರಿಗೆ ಕಾಯಿಸಿ, ಒಂದು ಗಂಟೆ ಹಾಗೇ ಹಿಡಿದು, ಮೆಲ್ಲಗೆ ಆರಿಸಬೇಕು. ಉಕ್ಕು ಮೆತ್ತಗಾಗುತ್ತದೆ, ಒಳಗಿನ ಬಿಗಿತ ಇಳಿಯುತ್ತದೆ. ಆಮೇಲೆ ನಾನು ಹೋಗಿ ಅಳೆಯಬೇಕು. ಇನ್ನೂರು ದಾಟಿದರೆ ಫೇಲು.

ಅಪಘಾತದ ಮೂರನೇ ದಿನ ಸೀಳಿದ ತುಂಡನ್ನು ಅಳೆದೆ. ಇನ್ನೂರ ತೊಂಬತ್ತೊಂದು.

ಹಾಗಿದ್ದರೆ ಅದನ್ನು ಪಾಸು ಮಾಡಿದವರು ಯಾರು? ಆ ಬೆಸುಗೆ ಹಾಕಿದ ವಾರ ನಾನು ಊರಲ್ಲಿರಲಿಲ್ಲ. ಅಕ್ಕನ ಹೆರಿಗೆಗೆ ಹನ್ನೆರಡು ದಿನ ರಜೆ ಹಾಕಿದ್ದೆ. "ನೀನು ಆರಾಮಾಗಿ ಹೋಗ್ಬಾಮ್ಮ, ಬದಲಿ ಟೆಸ್ಟರ್ ಒಬ್ಬನನ್ನ ಕರೆಸ್ಕೊಳ್ತೀವಿ," ಎಂದಿದ್ದ ಪ್ಲಾಂಟಿನ ಕ್ವಾಲಿಟಿ ಮುಖ್ಯಸ್ಥ. ನಾವೆಲ್ಲ ಅವನನ್ನು ದೊಡ್ಡಸಾಹೇಬ ಅನ್ನುತ್ತಿದ್ದೆವು. ರಿಜಿಸ್ಟರಿನಲ್ಲಿ ಹದಿನೇಳರ ಮುಂದೆ 'ಪಾಸ್' ಎಂದಿದೆ. ಫೈಲಿನಲ್ಲಿ ನಾನು ಹೋಗುವ ಮುಂಚೆ ಅಳೆದ ಹದಿನಾರರ ಹಾಳೆ ಇದೆ, ಬಂದ ಮೇಲೆ ಅಳೆದ ಹದಿನೆಂಟರ ಹಾಳೆ ಇದೆ. ಹದಿನೇಳರದು ಮಾತ್ರ ಮಾಯ.

ಹನ್ನೊಂದು ತಿಂಗಳಿಂದ ಆ ಬದಲಿಯವನನ್ನು ಹುಡುಕುತ್ತಿದ್ದೆ. ಗೇಟಿನವರು ಅವನನ್ನು ನೋಡಿಲ್ಲ. ಕ್ಯಾಂಟೀನಿನವರೂ ನೋಡಿಲ್ಲ. ಅಂಥವನಿಗಾಗಿ ನಾನು ಊಟ ನಿದ್ದೆ ಬಿಟ್ಟಿದ್ದೆ. ಬೇರೆಯವರ ಮುಂದೆ ನ್ಯಾಯ ಬೇಕು ಅನ್ನುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಸೇಡು. ಅಣ್ಣನ ಕಾರ್ಯ ಮುಗಿದ ದಿನ ಅತ್ತಿಗೆಯ ಕೈ ಹಿಡಿದು ಮಾತು ಕೊಟ್ಟಿದ್ದೆ: "ಆ ಹಾಳೆಗೆ ಸಹಿ ಹಾಕಿದವರನ್ನ ನಿಮ್ಮ ಮುಂದೆ ತಂದು ನಿಲ್ಲಿಸ್ತೀನಿ. ಆಮೇಲೆ ನೀವು ಏನು ಬೇಕಾದ್ರೂ ಮಾಡಿ."

ನಾಳೆ ಬೆಳಿಗ್ಗೆ ಹತ್ತಕ್ಕೆ ತನಿಖೆಯ ಕೊನೆಯ ಸಭೆ. ನಾಳೆ ಆ ಹಾಳೆ ಮೇಜಿನ ಮೇಲೆ ಬೀಳದಿದ್ದರೆ ಅಣ್ಣನ ಹೆಸರಿಗೆ ಹತ್ತಿದ ಮಸಿ ಇನ್ನೆಂದೂ ಹೋಗುವುದಿಲ್ಲ.

"ನಾಲ್ಕುನೂರು," ಎಂದೆ.

ಷೆಡ್ಡಿನಲ್ಲಿ ಸೆಕೆ ಏರುತ್ತಿತ್ತು. ತಗಡಿನ ಮಾಡಿಗೆ ಮೇಲಿಂದ ಬಿಸಿಲು, ಕೆಳಗಿಂದ ಪೈಪು. ಬಿಸಿಮಾಮ ಟವೆಲಿನಿಂದ ಕತ್ತು ಒರೆಸಿಕೊಂಡ. ರೆಕಾರ್ಡರಿನ ಕಾಗದ ಮೆಲ್ಲಗೆ ಇಳಿಯುತ್ತಿತ್ತು. ಅದರ ಮೇಲೆ ಎರಡು ಪೆನ್ನು ಗೆರೆ ಎಳೆಯುತ್ತಿದ್ದವು. ಹಸಿರು ಮುಂದೆ, ಕೆಂಪು ಹಿಂದೆ.

"ಯಾಕ್ ಮಾಮ, ಕೆಂಪು ಹಿಂದೆ ಬಿದ್ದಿದೆ?"

"ಅದು ವಾಲ್ವಿಗೆ ಸೇರಿದ ಬೆಸುಗೆ ಅಲ್ವಾ. ವಾಲ್ವು ದಪ್ಪ. ಬಿಸಿಯೆಲ್ಲಾ ಅದೇ ಕುಡಿದುಬಿಡತ್ತೆ. ಹಸಿರು ಬರೀ ಪೈಪಿಂದು, ಬೇಗ ಏರತ್ತೆ."

"ಯಾವಾಗ್ಲೂ ಹಂಗೇನಾ?"

"ಯಾವಾಗ್ಲೂ ಹಂಗೇ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ನಾನು ಅವಸರ ಮಾಡಲಿಲ್ಲ. ಅವನನ್ನೂ ಗಂಟೆಗೆ ನೂರೈವತ್ತರಂತೆಯೇ ಕಾಯಿಸಬೇಕೆಂದು ತೀರ್ಮಾನಿಸಿ ಬಂದಿದ್ದೆ.

ಹನ್ನೆರಡು ದಾಟಿತು. ಅವನು ನೀರು ಕೇಳಿದ. ಕೊಟ್ಟೆ. ಮಂಡಿ ನೋಯುತ್ತದೆ, ಮನೆಗೆ ಹೋಗಿ ಮಾತ್ರೆ ನುಂಗಿ ಬರುತ್ತೇನೆ ಎಂದ. ಉರಿಯುವ ಹೀಟರ್ ಬಿಟ್ಟು ಆಪರೇಟರ್ ಎದ್ದು ಹೋಗಬಾರದು ಎಂಬ ಪಾಠವೂ ನಿಮ್ಮದೇ ಅಲ್ಲವಾ ಮಾಮ ಎಂದೆ. ಕೂತ.

ಹಸಿರು ಪೆನ್ನು ನಾಲ್ಕುನೂರ ಎಂಬತ್ತು ಮುಟ್ಟಿದಾಗ ಎದ್ದು ಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟೆ.

"ಏಯ್! ಏನ್ ಮಾಡ್ತಿದೀಯಾ?" ಎಂದು ಅವನು ಚಂಗನೆ ಎದ್ದ. ಮಂಡಿನೋವು ಎಲ್ಲಿ ಹೋಯಿತೋ.

"ಕರೆಂಟ್ ಹೋಯ್ತು ಮಾಮ. ಹತ್ತು ನಿಮಿಷ. ಅವತ್ತೂ ಹೋಗಿತ್ತಲ್ಲ? ರೆಕಾರ್ಡರ್ ಬ್ಯಾಟರಿ ಮೇಲಿದೆ, ಅದರ ಪಾಡಿಗೆ ಅದು ಬರೀತಿರತ್ತೆ. ಬನ್ನಿ, ಇಲ್ಲಿ ನಿಂತು ನೋಡೋಣ."

ಹೀಟರಿನ ಗುಂಯ್ ಸದ್ದು ನಿಂತಿತ್ತು. ಪೆನ್ನುಗಳು ಕಾಗದ ಕೆರೆಯುವುದಷ್ಟೇ ಕೇಳಿಸುತ್ತಿತ್ತು. ಹಸಿರು ಗೆರೆ ಬೇಗ ಬೇಗ ಇಳಿಯಿತು, ನಲವತ್ತು ಡಿಗ್ರಿಯಷ್ಟು. ಕೆಂಪು ಹತ್ತು ಹನ್ನೆರಡು ಡಿಗ್ರಿ ಇಳಿದು ಅಲ್ಲೇ ಹಟ ಹಿಡಿದು ಕೂತಿತು. ದಪ್ಪ ವಾಲ್ವು ಕಾಯುವುದೂ ನಿಧಾನ, ಆರುವುದೂ ನಿಧಾನ.

ಸ್ವಿಚ್ ಮತ್ತೆ ಹಾಕಿದೆ. ಚೀಲದಿಂದ ಹಳೆಯ ಚಾರ್ಟ್ ತೆಗೆದು, ಹೊಸ ಗೆರೆಗಳ ಪಕ್ಕದಲ್ಲೇ ಹಾಸಿದೆ. ಪ್ಲಾಂಟಿನ ರೆಕಾರ್ಡ್ ರೂಮಿನಿಂದ ಅದನ್ನು ಎತ್ತಿಕೊಂಡು ಬರಲು ನಾನು ಪಟ್ಟ ಪಾಡು ಹೋದ ವಾರದ ಮಾತು.

"ಇದು ನಿಮ್ಮ ಚಾರ್ಟು. ಕೆಂಪು ಹದಿನೇಳು, ಹಸಿರು ಹದಿನೆಂಟು ಅಂತ ನಿಮ್ಮ ಕೈಯಲ್ಲೇ ಬರೆದಿದೀರಿ. ಏರುವಾಗ ಎರಡೂ ಒಟ್ಟಿಗೆ. ಕರೆಂಟ್ ಹೋದಾಗ ಎರಡೂ ಒಟ್ಟಿಗೆ ಇಳಿದಿವೆ, ಎರಡೂ ನಲವತ್ತು ಡಿಗ್ರಿ. ಅವತ್ತು ಒಂದು ದಿನ ಮಾತ್ರ ವಾಲ್ವು ತೆಳ್ಳಗಾಗಿತ್ತಾ ಮಾಮ?"

"ಪೆನ್ನು... ಪೆನ್ನು ಕೆಟ್ಟಿತ್ತು ಅನ್ಸತ್ತೆ."

"ಕಾಗೆ ಹಾರಿಸ್ಬೇಡಿ."

"ತಂಗಿ, ನಾನು ಹೊಟ್ಟೆಪಾಡಿನವನು..."

"ಎರಡೂ ತಂತೀನ ಒಂದೇ ಬೆಸುಗೆಗೆ ಅಂಟಿಸಿದ್ರಿ. ಹದಿನೆಂಟಕ್ಕೆ. ಹದಿನೇಳಕ್ಕೆ ನೀವು ಹೀಟರೇ ಸುತ್ತಿಲ್ಲ. ಹೌದೋ ಅಲ್ವೋ?"

ಅವನು ನನ್ನನ್ನು ನೋಡಲಿಲ್ಲ, ಅತ್ತಿಗೆಯನ್ನು ನೋಡಿದ. ಅತ್ತಿಗೆ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದರು.

"ಹೌದು," ಎಂದ.

ಹನ್ನೊಂದು ತಿಂಗಳು ಆ ಎರಡು ಅಕ್ಷರಕ್ಕೆ ಕಾದಿದ್ದೆ. ಕೇಳಿದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಪಕ್ಕದಲ್ಲಿದ್ದ ಸ್ಪ್ಯಾನರ್ ಎತ್ತಿ ಅವನ ಬೋಳುತಲೆಗೆ ಬಾರಿಸಬೇಕೆನಿಸಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಒಮ್ಮೆ ಬಾಯಿ ಬಿಟ್ಟ ಮೇಲೆ ಅವನು ಗಂಟೆ ಹೊತ್ತು ನಿಲ್ಲಿಸಲಿಲ್ಲ. ವಾಲ್ವಿನ ಒಳಗೆ ಮೆದು ಸೀಲುಗಳಿರುತ್ತವೆ. ಬೆಸುಗೆಗೆ ಮುಂಚೆಯೇ ವಾಲ್ವು ಬಿಚ್ಚಿ ಅವನ್ನು ಹೊರಗೆ ತೆಗೆದಿಡಬೇಕು. ಇಲ್ಲದಿದ್ದರೆ ಆರುನೂರು ಡಿಗ್ರಿಯಲ್ಲಿ ಕರಗಿ ವಾಲ್ವೇ ಹಾಳು. ಅವತ್ತು ಬಿಚ್ಚಲು ಹೇಳಬೇಕಾದವನು ಮರೆತಿದ್ದ. ಬೆಸುಗೆ ಮುಗಿದ ಮೇಲೆ ನೆನಪಾಯಿತು. ಕಾಯಿಸಿದರೆ ವಾಲ್ವು ಹೋಗುತ್ತದೆ, ಹೊಸದು ಬರಲು ಮೂರು ತಿಂಗಳು. ಪೈಪು ಕೊಯ್ದು ಮತ್ತೆ ಬೆಸೆದರೆ, ಮರೆತವನು ಯಾರು ಎಂದು ಊರಿಗೆಲ್ಲ ಗೊತ್ತಾಗುತ್ತದೆ.

"ಮರೆತವನು ಯಾರು?"

"ಇನ್ಯಾರು? ದೊಡ್ಡಸಾಹೇಬ. ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ಹೇಳ್ದ. ಒಂದೇ ಒಂದು ಬೆಸುಗೆ, ಏನೂ ಆಗಲ್ಲ, ಚಾರ್ಟ್ ಒಂದು ಚೆನ್ನಾಗಿ ಬರ್ಲಿ ಅಂತ."

"ಅಣ್ಣನಿಗೆ ಗೊತ್ತಿತ್ತಾ?"

ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. "ಮೂರು ಸಲ ಬಂದು ಕೇಳ್ದ ತಂಗಿ. ಹದಿನೇಳು ಆಯ್ತಾ ಮಾಮ, ನಂಗೆ ಅದರ ಮೇಲೇ ಯೋಚನೆ, ದಪ್ಪ ವಾಲ್ವು, ಸರಿಯಾಗಿ ಕಾಯಿಸಿ ಅಂತ. ಆಯ್ತು ಕಣಪ್ಪಾ ಅಂದೆ. ಚಾರ್ಟ್ ತೋರಿಸ್ದೆ. ನೋಡಿ ಥ್ಯಾಂಕ್ಸ್ ಹೇಳಿ ಹೋದ."

ಸ್ಟೂಲು ಕಿರ್ರೆಂದಿತು. ಅತ್ತಿಗೆ ಎದ್ದಿರಲಿಲ್ಲ, ಗೋಡೆಗೆ ಒರಗಿದ್ದರು ಅಷ್ಟೆ. ಕಣ್ಣಲ್ಲಿ ನೀರಿರಲಿಲ್ಲ. ಅವರ ಗಂಡನ ಕೆಲಸದಲ್ಲಿ ಕೊರತೆಯಿರಲಿಲ್ಲ ಎಂದು ಅವರಿಗೆ ಮೊದಲಿಂದಲೂ ಗೊತ್ತಿತ್ತು. ಬೇರೆಯವರ ಬಾಯಿಂದ ಅದನ್ನು ಕೇಳಿದ್ದು ಮಾತ್ರ ಇದೇ ಮೊದಲು.

"ಇದನ್ನೆಲ್ಲ ನಾಳೆ ಹತ್ತಕ್ಕೆ ಬಂದು ಹೇಳ್ತೀರಿ," ಎಂದೆ.

"ಹೇಳಿದ್ರೆ ಯಾರು ನಂಬ್ತಾರೆ? ಗಡಸುತನ ನೋಡಿ ಪಾಸು ಮಾಡಿದಾರಲ್ಲ, ಕಾಯಿಸದೇ ಪಾಸಾಗತ್ತಾ ಅಂತಾನೆ ಸಾಹೇಬ. ಚಾರ್ಟು ಹೋಗ್ಲಿ, ನನ್ನನ್ನೇ ನುಂಗಿ ನೀರು ಕುಡೀತಾನೆ."

ಅವನು ಹೇಳಿದ್ದು ಸರಿ. ಆ ಹಾಳೆ ಬೇಕೇ ಬೇಕು. ಅಳೆಯದೆ ಅಂಕಿ ಬರೆದ ಆ ಕೈ ಯಾರದು, ಸಹಿ ಹಾಕಿದ ಆ ಬದಲಿಯವನು ಯಾರು, ಎರಡಕ್ಕೂ ಸಾಕ್ಷಿ ಅದೊಂದೇ.

"ಹಾಳೆ ಎಲ್ಲಿದೆ ಮಾಮ?"

"ನಂಗೇನು ಗೊತ್ತು?"

"ಅಪಘಾತದ ದಿನ ಎಲ್ಲರೂ ಗೇಟಿನ ಕಡೆ ಓಡ್ತಿದ್ರೆ ನೀವೊಬ್ರು ಆಫೀಸಿನ ಕಡೆ ಓಡಿದ್ರಿ. ವಾಚ್‌ಮನ್ ನೋಡಿದಾನೆ. ಸಾಹೇಬನ ಕೈಗೆ ಸಿಗೋದರೊಳಗೆ ಹಾಳೆ ಎತ್ತಿಟ್ಕೊಂಡ್ರಿ. ನಾಳೆ ಅವನು ನಿಮ್ಮ ಮೇಲೆ ತಿರುಗಿಬಿದ್ರೆ ಕೈಯಲ್ಲಿ ಒಂದು ಆಯುಧ ಇರ್ಲಿ ಅಂತ. ಅಂಥದ್ದನ್ನ ಮನೇಲಿಡೋ ಪೈಕಿ ಅಲ್ಲ ನೀವು. ಈ ಪೆಟ್ಟಿಗೇನ ಬೆಳಿಗ್ಗೆಯಿಂದ ಕಾಲ ಸಂದಿಯಿಂದ ಆಚೆ ಸರಿಸಿಲ್ಲ."

ಅವನ ಸಾಮಾನಿನ ಪೆಟ್ಟಿಗೆಯನ್ನು ಕಾಲಿನಿಂದ ಮುಟ್ಟಿದೆ. ಅವನು ಗಬಕ್ಕನೆ ಅದರ ಮೇಲೆ ಕೈ ಇಟ್ಟ.

"ಬೇಡ ತಂಗಿ."

"ಕೊಡಿ."

"ನೋಡ್ಲೇಬೇಕಾ?"

ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಏನೋ ಕನಿಕರದಂಥದ್ದಿತ್ತು. ಅದೂ ಒಂದು ನಾಟಕ ಅಂದುಕೊಂಡೆ. ಅಣ್ಣನ ಮುಖ ನೋಡಿಕೊಂಡು ಸುಳ್ಳು ಹೇಳಿದವನಿಗೆ ನನ್ನ ಮುಂದೆ ಕನಿಕರ ನಟಿಸುವುದೇನು ಕಷ್ಟ?

"ಹನ್ನೊಂದು ತಿಂಗಳಿಂದ ಅದೊಂದಕ್ಕೇ ಬದುಕಿದೀನಿ. ಕೊಡ್ತೀರೋ, ಕಿತ್ಕೊಳ್ಲೋ?"

ಪೆಟ್ಟಿಗೆ ತೆರೆದ. ಮುಚ್ಚಳದ ಒಳಗೆ ಅಂಟಿಸಿದ್ದ ರಟ್ಟನ್ನು ಉಗುರಿನಿಂದ ಎಬ್ಬಿಸಿ, ನಾಲ್ಕು ಮಡಿಕೆಯ ಹಾಳೆ ತೆಗೆದು ನನ್ನ ಕೈಗಿಟ್ಟ. ಆಮೇಲೆ ತಿರುಗಿ ರೆಕಾರ್ಡರ್ ನೋಡುತ್ತಾ ನಿಂತ. ಹಸಿರು ಆರುನೂರ ಇಪ್ಪತ್ತು ಮುಟ್ಟಿ ನೇರ ಗೆರೆ ಎಳೆಯುತ್ತಿತ್ತು. ಕೆಂಪು ಇನ್ನೇನು ಮುಟ್ಟುವುದರಲ್ಲಿತ್ತು.

ಬಿಚ್ಚಿದೆ. ನಮ್ಮದೇ ಫಾರಂ. ಬೆಸುಗೆ ಸಂಖ್ಯೆ ಹದಿನೇಳು. ಅಳತೆಗಳು: ನೂರ ಎಪ್ಪತ್ತೇಳು, ನೂರ ಎಂಬತ್ತೇಳು, ನೂರ ಎಪ್ಪತ್ತೊಂಬತ್ತು. ಪ್ರತಿ ಏಳರ ನಡುವಿಗೂ ಅಡ್ಡಗೆರೆ. ಪ್ಲಾಂಟಿನಲ್ಲಿ ಏಳಕ್ಕೆ ಹಾಗೆ ಸೊಂಟಪಟ್ಟಿ ಕಟ್ಟುವವನು ಒಬ್ಬನೇ. ಅವನು ಬರೆದ ನೂರು ನೋಟೀಸು ಓದಿದ್ದೇನೆ. ದೊಡ್ಡಸಾಹೇಬ.

ಸಿಕ್ಕಿಬಿದ್ದ. ಕೂಗಬೇಕು ಅನ್ನಿಸಿತು. ಅತ್ತಿಗೆ, ಸಿಕ್ಕಿಬಿದ್ದ ನೋಡಿ ಎಂದು ಬಾಯಿ ತೆರೆದೆ.

ಆಗ ಕಣ್ಣು ಕೆಳಗಿಳಿಯಿತು. 'ಪರೀಕ್ಷೆ ಮಾಡಿದವರು' ಎಂಬ ಸಾಲು. ಅದರ ಮುಂದೆ ಸಹಿ.

ಬೇರೆ ಶಾಯಿ. ಕೊನೆಯ ಅಕ್ಷರದ ಬಾಲ ಮೇಲಕ್ಕೆ ಹೋಗಿ ಹಿಂದಕ್ಕೆ ತಿರುಗಿದೆ. ಶಾಲೆಯಲ್ಲಿ ಅಣ್ಣ ಗೇಲಿ ಮಾಡುತ್ತಿದ್ದ, ಇದೇನೇ ಸಹಿಯೋ ಬೆಕ್ಕಿನ ಬಾಲವೋ ಅಂತ.

ಅದು ನನ್ನ ಸಹಿ.

ನಕಲಿ ಇರಬೇಕು ಎಂದು ಒಂದು ಕ್ಷಣ ಆಸೆಯಿಂದ ನೋಡಿದೆ. ನಕಲಿಯಲ್ಲ. ಎಲ್ಲಾ ನೆನಪಾಯಿತು. ರಜೆಗೆ ಹೊರಟ ಸಂಜೆ, ಬಸ್ಸಿಗೆ ಹೊತ್ತಾಗಿತ್ತು. ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ ಅದು. ರಜೆಗೆ ಹೋಗುವವರು ಖಾಲಿ ಫಾರಂಗಳಿಗೆ ಸಹಿ ಹಾಕಿ ಡ್ರಾಯರಿನಲ್ಲಿಟ್ಟು ಹೋಗುತ್ತಾರೆ. ಬದಲಿಯವರು ಅಳೆದು ಅಂಕಿ ತುಂಬುತ್ತಾರೆ, ಕೆಲಸ ನಿಲ್ಲುವುದಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡೇ, ನಿಂತಲ್ಲೇ, ಹದಿನೈದು ಫಾರಂಗಳಿಗೆ ಸಹಿ ಗೀಚಿದ್ದೆ. ಅದು ತಪ್ಪು ಎಂದು ಆಗ ಅನ್ನಿಸಿರಲಿಲ್ಲ, ಹಾಗಾಗಿ ಆಮೇಲೆ ನೆನಪೂ ಇರಲಿಲ್ಲ.

"ಬದಲಿ ಅಂತ ಯಾರೂ ಬರ್ಲಿಲ್ಲ ತಂಗಿ," ಬಿಸಿಮಾಮ ನನಗಷ್ಟೇ ಕೇಳುವಂತೆ ಹೇಳಿದ. "ಯಾರನ್ನೂ ಕರೆಸ್ಲೂ ಇಲ್ಲ. ನಿನ್ನ ಡ್ರಾಯರ್ ಸಾಕಾಯ್ತು ಅವನಿಗೆ."

ಅವನು ಇನ್ನೂ ಹತ್ತಿರ ಬಂದ.

"ನಾಳೆ ಇದನ್ನ ಕೊಟ್ರೆ ಸಾಹೇಬ ಮುಳುಗ್ತಾನೆ, ನಿಜ. ನಿನ್ನನ್ನೂ ಎಳ್ಕೊಂಡೇ ಮುಳುಗ್ತಾನೆ. ಕೊಡದಿದ್ರೆ ನೀನು ಬಚಾವು, ನಾನೂ ಬಚಾವು. ಪೈಪು ಆರುನೂರ ಇಪ್ಪತ್ತರಲ್ಲಿದೆ. ಕಂಬಳಿ ಅಂಚು ಒಂದಿಷ್ಟು ಸರಿಸಿದೀನಿ ನೋಡು. ಕಾಗದ ಸೋಕಿಸಿದ್ರೆ ಸಾಕು. ಸತ್ತವನು ಹೆಂಗೂ ಸತ್ತಾಯ್ತು."

ಆ ಕೊನೆಯ ಮಾತಿಗೆ ಅವನನ್ನು ಕೊಲ್ಲಬಹುದಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು, ಆ ಮಾತು ನನ್ನ ಒಳಗೆ ಯಾವುದೋ ಮೂಲೆಯಲ್ಲಿ ಕೂತು ಜಾಗ ಹುಡುಕಿದ್ದಕ್ಕೆ.

ಕಂಬಳಿ ಸರಿದ ಕಡೆ ಪೈಪು ಮಂಕು ಕೆಂಪಾಗಿ ಕಾಣುತ್ತಿತ್ತು. ಬಿಸಿ ಮುಖಕ್ಕೆ ರಾಚುತ್ತಿತ್ತು.

"ಪುಟ್ಟಿ."

ಷೆಡ್ಡಿಗೆ ಬಂದ ಮೇಲೆ ಅತ್ತಿಗೆ ಆಡಿದ ಮೊದಲ ಮಾತು. ಎದ್ದು ಬಂದು ಪೈಪಿನ ಆ ಕಡೆ ನಿಂತಿದ್ದರು. ಬಲಗೈಗೆ ಅಣ್ಣನ ಕೈಗವಸು ಹಾಕಿಕೊಂಡಿದ್ದರು, ಅದು ಅವರಿಗೆ ತೀರಾ ದೊಡ್ಡದು.

"ಸಿಕ್ತಾ? ಯಾರ ಸಹಿ, ಓದು."

ಹಾಳೆಯನ್ನು ಎದೆಗೆ ಒತ್ತಿಕೊಂಡೆ.

"ಯಾಕಮ್ಮಾ ಹಿಂಗೆ ಬೆವರ್ತಿದೀಯ? ಗೊತ್ತಿರೋರಾ?"

ತಲೆಯಾಡಿಸಿದೆ.

"ಯಾರಾದ್ರೂ ಸರಿ. ನೀನು ಮಾತು ಕೊಟ್ಟಿದೀಯ, ನನ್ನ ಮುಂದೆ ನಿಲ್ಲಿಸ್ತೀನಿ ಅಂತ." ಅವರು ಗವಸು ಹಾಕಿದ ಕೈಯನ್ನು ಪೈಪಿನ ಮೇಲಿಂದ ಚಾಚಿದರು. "ನಿಂಗೆ ಓದೋಕಾಗದಿದ್ರೆ ಇಲ್ಲಿ ಕೊಡು. ನಾನೇ ಓದ್ಕೋತೀನಿ."

ಬಿಸಿಮಾಮ ನನ್ನ ಕೈಯನ್ನೇ ನೋಡುತ್ತಿದ್ದ. ರೆಕಾರ್ಡರಿನಲ್ಲಿ ಕೆಂಪು ಗೆರೆ ಹಸಿರನ್ನು ಮುಟ್ಟಿ ನೇರವಾಯಿತು. ಅತ್ತಿಗೆಯ ಕೈಗೂ ನನಗೂ ನಡುವೆ ಮೊಳದಷ್ಟು ಜಾಗ, ಅದರ ಕೆಳಗೇ ಕೆಂಪಗಿನ ಪೈಪು.

ಹಾಳೆ ಹಿಡಿದ ಕೈಯನ್ನು ಅತ್ತಿಗೆಯ ಕಡೆ ಚಾಚಿದೆ.